ಮಾವಿನ ಮರದಡಿಗೆ ಯಾವುದು: ಟ್ರೇಡ್‌ಸ್ಕ್ಯಾಂಶಿಯಾನಾ, ಹೆಮಿಗ್ರಾಫಿಸಾ?

ಮುಂಬೈಯ ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಮಾವಿನ ಮರದಡಿ ಹುಲ್ಲು ಬರುವುದೇ ಇಲ್ಲ. ಅದಕ್ಕೇ ನೆಲಕ್ಕೆ ಹಬ್ಬುವ ಈ ಎರಡು ಗಿಡಗಳನ್ನೂ ಹಾಕಿ ನೋಡಿದೆ.

ಟ್ರೇಡ್‌ಸ್ಕ್ಯಾಂಶಿಯಾ ಜೆಬ್ರಿನಾ ಮೆಕ್ಸಿಕೋ ಕಡೆಯದು. ಎಲೆಯ ಮೇಲೆ ಬೆಳ್ಳಿ ಪಟ್ಟೆ, ಮಗುಚಿದರೆ ನೇರಳೆ. ಗೇಣುದ್ದದ ತುಂಡನ್ನು ಸುಮ್ನೆ ಮಣ್ಣಿಗೆ ಒತ್ತಿ, ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಬೇಗ ಹಬ್ಬುತ್ತದೆ, ಸ್ವಲ್ಪ ಜಾಸ್ತಿಯೇ! ಕಿತ್ತೆಸೆದ ತುಂಡು ಬಿದ್ದಲ್ಲೇ ಚಿಗುರುತ್ತದೆ. ತೀರಾ ಕತ್ತಲಿದ್ದರೆ ಮಾತ್ರ ಪಟ್ಟೆ ಮಾಸಿ, ಬಳ್ಳಿ ಬೋಳುಬೋಳಾಗುತ್ತದೆ. ರಸ ತಾಗಿದರೆ ಕೆಲವರಿಗೆ ತುರಿಕೆ, ನಾಯಿಗಳಿಗೂ ಅಷ್ಟೇ.

ಹೆಮಿಗ್ರಾಫಿಸ್ ಆಲ್ಟರ್ನೇಟಾ ಅಷ್ಟು ಓಡುವುದಿಲ್ಲ. ಸುಕ್ಕುಸುಕ್ಕಾದ ಎಲೆ, ಮೇಲೆ ಲೋಹದಂಥ ಹೊಳಪು, ಪುಟ್ಟ ಬಿಳಿ ಹೂ. ಗೇಣೆತ್ತರಕ್ಕೆ ಒತ್ತಾಗಿ ಹಾಸಿಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಮುನಿಸಿಕೊಂಡ ಮಗುವಿನಂತೆ ಜೋತುಬೀಳುತ್ತದೆ. ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದೆ, ಸಂಜೆಗೆ ಎದ್ದು ಕೂತಿತ್ತು.

ಜುಲೈ ಮಳೆಗೆ, ನೀರು ನಿಂತ ಮೂಲೆಯಲ್ಲಿ ಎರಡೂ ಕೊಳೆತವು. ಮಣ್ಣು, ಒಣಗಿದ ಎಲೆ ತುಂಬಿ ಜಾಗ ಎತ್ತರಿಸಿದ ಮೇಲೆ ಆ ಕಾಟ ತಪ್ಪಿತು.

ನೋಡೋಕೆ ನನಗೆ ಹೆಮಿಗ್ರಾಫಿಸೇ ಇಷ್ಟ. ಆದರೆ ಮೇ ತಿಂಗಳಿಡೀ ಊರಿಗೆ ಹೋಗಿ, ನೀರು ಹಾಕೋಕೆ ಆಗದವರಾ ನೀವು? ಹಾಗಾದರೆ ಟ್ರೇಡ್‌ಸ್ಕ್ಯಾಂಶಿಯಾ ಹಾಕಿ, ಅದು ಆಚೆ ಹಬ್ಬದಂತೆ ಅಂಚಿಗೆ ಒಂದು ಸಾಲು ಇಟ್ಟಿಗೆ ಹೂಳಿ.