ಒಂದೇ ತೊರೆಗೆ ಎರಡು ಅಳತೆ: ಶ್ಮ್ಯಾಕ್ ಪೆಟ್ಟಿಗೆ ಮತ್ತು ಮಾವೋರಿ ಸೂಚ್ಯಂಕ

ತೊರೆಗಳ ಆರೋಗ್ಯವನ್ನು ದಂಡೆಯಲ್ಲಿ ಬದುಕುವವರೇ ಅಳೆದುಕೊಳ್ಳಲೆಂದು ನ್ಯೂಜಿಲೆಂಡಿನ ಜಲ ಸಂಶೋಧನಾ ಸಂಸ್ಥೆ ನಿವಾ 1990ರ ದಶಕದಲ್ಲಿ ಅಲ್ಲಿನ ರೈತ ಒಕ್ಕೂಟದ ಜೊತೆಗೂಡಿ ರೂಪಿಸಿದ, 2019ರಲ್ಲಿ ಪರಿಷ್ಕರಿಸಿದ ಸಲಕರಣೆ ಪೆಟ್ಟಿಗೆಯೇ ಶ್ಮ್ಯಾಕ್. ಇದರ ವಿಮರ್ಶೆಯಲ್ಲಿ ಇನ್ನೊಂದು ಸಾಧನವನ್ನೂ ಪಕ್ಕಕ್ಕಿಟ್ಟುಕೊಂಡಿದ್ದೇನೆ. ಗೇಲ್ ಟಿಪಾ ಮತ್ತು ಲಾರೆಲ್ ಟಿಯರ್ನಿ ಸಿದ್ಧಪಡಿಸಿ, ಪರಿಸರ ಸಚಿವಾಲಯ 2003ರಲ್ಲಿ ಪ್ರಕಟಿಸಿದ ಸಾಂಸ್ಕೃತಿಕ ಆರೋಗ್ಯ ಸೂಚ್ಯಂಕವೇ ಅದು. ಅದು ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಜಲಜ್ಞಾನವನ್ನು ಆಧರಿಸಿದೆ. ದೇಶದ ಸಿಹಿನೀರು ನೀತಿಯಲ್ಲಿ ಎರಡೂ ಬಗೆಯ ಅಳತೆಗಳಿಗೆ ಜಾಗವಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ತೂಗುವುದು ಅರೆಬರೆ ಕೆಲಸವಾಗುತ್ತದೆ.

ಪೆಟ್ಟಿಗೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ತಿಳಿತನ ನೋಡುವ ಕೊಳವೆ. ಒಂದು ಮೀಟರ್ ಉದ್ದದ ಈ ಪಾರದರ್ಶಕ ಕೊಳವೆಗೆ ತೊರೆಯ ನೀರು ತುಂಬಿ, ಅಡ್ಡಲಾಗಿ ಹಿಡಿದು, ಒಳಗಿನ ಕಪ್ಪು ಬಿಲ್ಲೆಯನ್ನು ಹೊರಗಿನಿಂದ ಅಯಸ್ಕಾಂತದ ಸಹಾಯದಿಂದ ಸರಿಸುತ್ತ ಹೋದರೆ, ಅದು ಕಣ್ಮರೆಯಾಗುವ ದೂರವೇ ನೀರಿನ ತಿಳಿತನದ ಅಳತೆ. ವಿದ್ಯುತ್ತಾಗಲಿ ರಾಸಾಯನಿಕವಾಗಲಿ ಬೇಕಿಲ್ಲ. ಆದರೆ ನೀರು ಬಹಳ ತಿಳಿಯಾಗಿದ್ದರೆ ಬಿಲ್ಲೆ ಕೊನೆಯವರೆಗೂ ಕಾಣುತ್ತಲೇ ಇರುತ್ತದೆ, ಆಗ ಕೊಳವೆ ಮುಂದೇನನ್ನೂ ಹೇಳಲಾರದು. ಉಷ್ಣತಾಮಾಪಕ ಮತ್ತು ವಿದ್ಯುತ್ ವಾಹಕತೆಯ ಮಾಪಕಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕಲ್ಲುಗಳ ಅಡಿಯ ಹುಳುಗಳನ್ನು ಗುರುತಿಸುವ ಸಚಿತ್ರ ಮಾರ್ಗದರ್ಶಿ ಮಾತ್ರ ನಿಧಾನವಾಗಿ ಓದಲು ಯೋಗ್ಯ. ಏಕೆಂದರೆ ನೀತಿಯೂ ಕಲ್ಲಿನಡಿಯ ಈ ಜೀವಿಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಾನ್ ಸ್ಟಾರ್ಕ್ 1985ರಲ್ಲಿ ಪ್ರಕಟಿಸಿದ ಅಕಶೇರುಕ (ಬೆನ್ನುಮೂಳೆಯಿಲ್ಲದ ಜೀವಿಗಳ) ಸೂಚ್ಯಂಕದಲ್ಲಿ ಪ್ರತಿ ಜೀವಿಗೂ ಮಾಲಿನ್ಯ ಸಹಿಸುವ ಶಕ್ತಿಗೆ ತಕ್ಕಂತೆ 1ರಿಂದ 10ರವರೆಗೆ ಅಂಕವಿದೆ. ಕೊಳಕನ್ನು ತಾಳದ ಡೀಲಿಯಾಟಿಡಿಯಮ್ ಎಂಬ ಮೇಫ್ಲೈಗೆ 8 ಅಂಕವಾದರೆ, ಎಲ್ಲವನ್ನೂ ತಾಳಿಕೊಳ್ಳುವ ಎರೆಹುಳು ವರ್ಗಕ್ಕೆ 1. ತೊರೆಯಲ್ಲಿ ಸಿಕ್ಕ ಜೀವಿಗಳ ಅಂಕಗಳ ಸರಾಸರಿಯನ್ನು 20ರಿಂದ ಗುಣಿಸಿದರೆ ಸೂಚ್ಯಂಕ ಸಿಗುತ್ತದೆ, 2020ರ ರಾಷ್ಟ್ರೀಯ ಸಿಹಿನೀರು ನೀತಿ ಅದರ 90ನ್ನು ಕನಿಷ್ಠ ಮಿತಿಯೆಂದು ನಿಗದಿಪಡಿಸಿತು.

ಇನ್ನೊಂದು ಸಾಧನದಲ್ಲಿ ಉಪಕರಣವೇ ಇಲ್ಲ, ಇರುವುದು ಪ್ರಶ್ನೆಗಳು ಮಾತ್ರ. ಈ ಜಾಗ ಪೂರ್ವಿಕರ ಕಾಲದಿಂದ ಮಹತ್ವದ್ದೇ, ಮತ್ತೆ ಇಲ್ಲಿಗೆ ಬರುತ್ತೀರಾ ಎಂಬುದು ಮೊದಲ ಭಾಗ. ಎರಡನೆಯದು ಮಹಿಂಗ ಕೈ, ಅಂದರೆ ಆಹಾರ ಸಂಗ್ರಹಿಸುವ ತಾಣ ಮತ್ತು ಆ ಪರಂಪರೆ. ಇಲ್ಲಿ 'ಕೈ' ಎಂದರೆ ಉಣ್ಣುವ ಆಹಾರವೆಂಬುದು ಕನ್ನಡ ಕಿವಿಗೆ ತಮಾಷೆಯಾಗಿ ಕೇಳೀತು. ಹಿಂದೆ ಸಿಗುತ್ತಿದ್ದ ಮೀನು, ಸೊಪ್ಪು, ಹಕ್ಕಿಗಳಲ್ಲಿ ಈಗ ಎಷ್ಟು ಉಳಿದಿವೆ, ಅವನ್ನು ತರಲು ದಂಡೆಗೆ ದಾರಿಯಿದೆಯೇ ಎಂಬುದನ್ನು ನೋಡಿ 1ರಿಂದ 5ರವರೆಗೆ ಅಂಕ ಕೊಡಲಾಗುತ್ತದೆ. ಮೂರನೆಯದು ಹರಿವು, ದಂಡೆಯ ಗಿಡಮರ, ತಳದ ಹೂಳು ಮೊದಲಾದವುಗಳಿಂದ ತೊರೆಯ ಆರೋಗ್ಯವನ್ನು ಅಳೆಯುವ ಭಾಗ. ದಕ್ಷಿಣ ದ್ವೀಪದ ತೈಯರಿ ಮತ್ತು ಕಕೌನುಯಿ ನದಿಗಳಲ್ಲಿ ಙಾಯ್ ತಾಹು ಎಂಬ ಮಾವೋರಿ ಬುಡಕಟ್ಟಿನ ಜನರೊಂದಿಗೆ ಇದನ್ನು ರೂಪಿಸುವಾಗ ವೈಜ್ಞಾನಿಕ ಮಾಪನಗಳ ಜೊತೆ ಹೋಲಿಸಲಾಯಿತು, ಮೂರನೆಯ ಭಾಗದ ಅಂಕಗಳು ಅವುಗಳೊಂದಿಗೆ ಹೊಂದಿಕೆಯಾದವು. ಹಾಗಾದರೆ ಸೂಚ್ಯಂಕ ಏಕೆ ಬೇಕೆಂದು ಕೇಳುವವರು ಎರಡನೆಯ ಭಾಗವನ್ನು ಓದಿಲ್ಲವೆಂದೇ ಅರ್ಥ. ತಿಳಿನೀರಿನ ತೊರೆಯಲ್ಲಿ ಈಲ್ ಮೀನು ಇಲ್ಲವಾಗಿದ್ದರೆ, ಅಥವಾ ಇದ್ದೂ ಬೇಲಿ ಅಡ್ಡವಾಗಿದ್ದರೆ, ಕೊಳವೆಗೆ ಅದು ಗೊತ್ತಾಗುವುದಿಲ್ಲ.

ಪೆಟ್ಟಿಗೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸೂಚ್ಯಂಕಕ್ಕೆ ಅಂಕ ಕೊಡಲಾರೆ. ಅದರ ನಮೂನೆಯನ್ನು ತುಂಬುವ ಅಧಿಕಾರ ಆ ನೆಲದ ಮಾವೋರಿ ಜನರಿಗೆ ಮಾತ್ರ ಇದೆ. ಹೊರಗಿನವನೊಬ್ಬ ಕೈಪಿಡಿ ಓದಿ ತುಂಬಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಇದನ್ನು ಕೊರತೆಯೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ, ಉತ್ತರ ಯಾರ ಬಾಯಿಂದ ಬರಬೇಕೆಂಬುದೂ ಈ ವಿಧಾನದ ಭಾಗವೇ ಆಗಿದೆ.

2020ರ ನೀತಿ ಮಹಿಂಗ ಕೈಯನ್ನು ಪರಿಗಣಿಸಲೇಬೇಕಾದ ನಾಲ್ಕು ಮೌಲ್ಯಗಳಲ್ಲಿ ಒಂದಾಗಿಸಿತು. ತೆ ಮನ ಒ ತೆ ವೈ (ನೀರಿನ ಘನತೆ) ಎಂಬ ಮಾವೋರಿ ಪರಿಕಲ್ಪನೆಯಡಿ ಮೊದಲು ನೀರಿನ ಆರೋಗ್ಯ, ನಂತರ ಕುಡಿಯುವ ನೀರಿನಂಥ ಮಾನವ ಅಗತ್ಯ, ಕೊನೆಗೆ ಉಳಿದ ಬಳಕೆ ಎಂಬ ಕ್ರಮವನ್ನೂ ಹಾಕಿಕೊಟ್ಟಿತು. ನೀರಿನ ಬಳಕೆಯಂಥ ಕೆಲಸಗಳಿಗೆ ಬರುವ ಒಂದೊಂದು ಪರವಾನಗಿ ಅರ್ಜಿಯ ತೀರ್ಮಾನದಲ್ಲಿ ಈ ಕ್ರಮ ಅನ್ವಯಿಸದಂತೆ 2024ರ ಅಕ್ಟೋಬರ್‌ನಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಹೀಗಿರುವಾಗ ಎರಡೂ ಬಗೆಯ ದಾಖಲೆಗಳನ್ನು ತೊರೆಯ ಮಟ್ಟದಲ್ಲೇ ಕೂಡಿಡುವುದು ಮೊದಲಿಗಿಂತ ಹೆಚ್ಚು ಅಗತ್ಯವೆನಿಸುತ್ತದೆ.

ಕೊಳ್ಳುವವರಿಗೆ ಒಂದು ಸೂಚನೆ: ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಮಾಡುವುದಾದರೆ ಮಾವೋರಿ ಹಿರಿಯರ ವೀಕ್ಷಣೆ ಮುಗಿದ ಮೇಲೆ, ಅವರು ಒಪ್ಪಿದರೆ ಮಾತ್ರ ಪೆಟ್ಟಿಗೆ ತೆರೆಯಿರಿ. ಕೊಳವೆಗೆ ನೀರು ತುಂಬುವ ಕೆಲಸ ಮೊದಲಾಗಲಿ, ಕಲ್ಲು ಮಗುಚುವುದು ಕೊನೆಗಿರಲಿ. ಕಲ್ಲು ಮಗುಚಿದ ಮೇಲೆ ನೀರು ಕದಡಿರುತ್ತದೆ.