ಮೆಟ್‌ಫಾರ್ಮಿನ್ ಎಸ್‌ಆರ್ 500: ಹಲವು ವರ್ಷ ನುಂಗಿದ ಮೇಲೆ

ಇದು ಹೊಸ ಮಾತ್ರೆಯೇನಲ್ಲ. ಫ್ರಾನ್ಸ್‌ನಲ್ಲಿ 1957ರಲ್ಲೇ ಸಕ್ಕರೆ ಕಾಯಿಲೆಗೆ ಕೊಟ್ಟಿದ್ದರು. ಬೆಲೆ ಕಡಿಮೆ, ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗ. ಲಿವರ್ ಸುಮ್ನೆ ಸಕ್ಕರೆ ಸುರಿಯುವುದನ್ನು ತಗ್ಗಿಸುವುದು ಇದರ ಮುಖ್ಯ ಕೆಲಸ. ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8ರ ಮೇಲಿತ್ತು, ಈಗ 7ರೊಳಗಿದೆ. ಅನ್ನ ಕಡಿಮೆ ಮಾಡಿದ್ದು, ಸಂಜೆ ನಡೆಯುವುದು ಕೂಡ ಅದಕ್ಕೆ ಕಾರಣ ಅನ್ನಿ.

ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ. ವಾಕರಿಕೆ, ಭೇದಿ ಎರಡೂ ಆದವು. ಡಾಕ್ಟರು ಸಾದಾ ಮಾತ್ರೆ ಬಿಡಿಸಿ ನಿಧಾನಕ್ಕೆ ಕರಗುವ ಎಸ್‌ಆರ್ ಬರೆದುಕೊಟ್ಟರು. ರಾತ್ರಿ ಊಟದ ಜೊತೆ ತಗೊಂಡರೆ ತೊಂದರೆಯಿಲ್ಲ. ಅದನ್ನು ಪುಡಿ ಮಾಡಬಾರದು, ಜಗಿಯಬಾರದು. ಕೆಲವು ಕಂಪನಿಯ ಮಾತ್ರೆಯ ಸಿಪ್ಪೆ ಮಲದಲ್ಲಿ ಹಾಗೇ ಕಾಣಿಸುತ್ತದೆ. ಗಾಬರಿ ಬೇಡ, ಒಳಗಿನ ಔಷಧಿ ಅಷ್ಟರಲ್ಲಿ ಮೈಗೆ ಸೇರಿರುತ್ತದೆ.

ಇದೊಂದನ್ನೇ ತಗೊಂಡರೆ ಶುಗರ್ ತೀರಾ ಇಳಿಯುವುದು ಅಪರೂಪ. ಭಯ ಇರುವುದು ಇದರ ಜೊತೆ ಸೇರಿಸಿ ಕೊಡುವ ಗ್ಲಿಮೆಪಿರೈಡ್ ಅನ್ನುವ ಇನ್ನೊಂದು ಶುಗರ್ ಔಷಧಿಯದು. ನನಗೂ ಆಮೇಲೆ ಅದನ್ನು ಸೇರಿಸಿದರು. ಮದುವೆ ಮನೆಯಲ್ಲಿ ಪಂಕ್ತಿ ತಡವಾದರೆ ಕೈ ನಡುಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಶುಗರ್ ನೋಡಬೇಕು, ಆಮೇಲೆ ಏನಾದರೂ ತಿನ್ನಬೇಕು. ಏಕಾದಶಿ ಮಾಡುವವರು ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ.

ವಿಟಮಿನ್ ಬಿ12 ವಿಷಯ ನಮ್ಮಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಅದು ಕಡಿಮೆಯಾಗಬಹುದು, ಸಸ್ಯಾಹಾರಿಗಳಿಗೆ ಇನ್ನೂ ಬೇಗ. ನನಗೆ ಪಾದ ಜುಮುಜುಮು ಅನ್ನುತ್ತಿತ್ತು. ಶುಗರ್‌ನಿಂದ ನರ ಕೆಟ್ಟಿದೆ ಅಂತಲೇ ಎಲ್ಲರೂ ಅಂದರು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು, ಅದಕ್ಕೆ ಔಷಧಿ ಕೊಟ್ಟ ಮೇಲೆ ಸುಮಾರಾಗಿ ಹೋಯಿತು.

ವರ್ಷಕ್ಕೊಮ್ಮೆಯಾದರೂ ಕಿಡ್ನಿ ಪರೀಕ್ಷೆ ಬೇಕೇ ಬೇಕು. ಅದರಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಅನ್ನುವ ಅಂಕಿ) 30ಕ್ಕಿಂತ ಕೆಳಗಿದ್ದವರಿಗೆ ಈ ಮಾತ್ರೆ ಕೊಡುವುದಿಲ್ಲ. ವಾಂತಿ ಭೇದಿ ಹಿಡಿದಾಗ, ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡುವ ಮೊದಲು, ಇದನ್ನು ತಗೊಳ್ಳುತ್ತಿದ್ದೇನೆ ಅಂತ ಹೇಳಿಬಿಡಿ. ಕುಡಿತ ಜಾಸ್ತಿ ಇರುವವರಿಗೂ ಇದು ಅಪಾಯ.

ನನ್ನ ದೂರು ಮಾತ್ರೆಯ ಮೇಲಲ್ಲ, ಔಷಧಿ ಅಂಗಡಿಯವರ ಮೇಲೆ. "ಕಂಟೆಂಟ್ ಒಂದೇ ಸಾರ್" ಅಂತ ಬೇರೆ ಕಂಪನಿಯದು ಕೊಡುತ್ತಾರೆ. ಒಮ್ಮೆ ಈ ಎರಡೂ ಔಷಧಿ ಸೇರಿದ ಎಂ1 ಮಾತ್ರೆ ಬದಲು ಎಂ2 ಕೊಟ್ಟಿದ್ದರು. ಆ ಅಂಕಿ ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಂ ಅನ್ನುವುದು, ಅಂದರೆ ಡೋಸ್ ನೇರ ಎರಡರಷ್ಟು! ಈಗ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡುವುದಿಲ್ಲ.