ವಿಡಿಯೋ ನೋಡಿ ಸೆಕೆಂಡ್‌ಹ್ಯಾಂಡ್ ಟ್ರೂ ಚಕ್ ತಗೋಬೇಡಿ

ಲೇತ್‌ಗೆ (ಲೋಹ ಕಡೆಯೋ ಯಂತ್ರ) ಹಳೇ ಚಕ್ (ತಿರುಗುವಾಗ ರಾಡ್ ಹಿಡಿದುಕೊಳ್ಳೋ ಭಾಗ) ಹುಡುಕುತ್ತಿರುವವರು ದಯವಿಟ್ಟು ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಮಾತು ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ಪೀಣ್ಯ ಕಡೆಯ ಒಬ್ಬ ವ್ಯಾಪಾರಿ. ಹೆಸರು ಬೇಡ. 200 ಎಂಎಂ ಟ್ರೂ ಚಕ್, ಅಂದರೆ ಮೂರು ಜಾ (ಹಿಡಿಯೋ ದವಡೆ) ಒಟ್ಟಿಗೆ ಸರಿದು ರಾಡನ್ನು ತಾನಾಗಿ ಸೆಂಟರ್‌ಗೆ ತರೋ ಚಕ್. "ಕಂಪನಿ ಪೀಸ್ ಸಾರ್, ಟೂಲ್ ರೂಮಿಂದ ಬಂದಿದ್ದು" ಅಂದ. ಫೋಟೋದಲ್ಲಿ ಥಳಥಳ ಹೊಳೆಯುತ್ತಿತ್ತು. ಜೊತೆಗೆ ಒಂದು ವಿಡಿಯೋ. ಚಕ್ ತಿರುಗುತ್ತಿದೆ, ಡಯಲ್ (ಅಲ್ಲಾಟ ಅಳೆಯೋ ಮುಳ್ಳಿನ ಗೇಜ್) ಇಟ್ಟಿದ್ದಾನೆ, ಮುಳ್ಳು ಅಲ್ಲಾಡುತ್ತಲೇ ಇಲ್ಲ. "ಕೂದಲೆಳೆಯಷ್ಟೂ ಔಟ್ ಇಲ್ಲ, ನೀವೇ ನೋಡಿ ಸಾರ್." ಔಟ್ ಅಂದರೆ ತಿರುಗುವಾಗ ಸೆಂಟರ್‌ನಿಂದ ಆಚೀಚೆ ಆಗೋದು. ಹೊಸದರ ಅರ್ಧಕ್ಕಿಂತ ಜಾಸ್ತಿ ರೇಟು, ಅದೂ ಪೂರ್ತಿ ಮುಂಗಡ. ಹಾಕಿದೆ.

ಚಕ್ ಬಂತು. ಚಕ್ಕನ್ನು ಲೇತಿಗೆ ಜೋಡಿಸೋ ಬ್ಯಾಕ್ ಪ್ಲೇಟ್ ತಂದು, ಚಕ್ಕಿನ ಹಿಂದಿನ ಗುಳಿಯ ಅಳತೆಗೆ ಟರ್ನ್ ಮಾಡಿ, ತೂತು ಹೊಡೆದು, ಬೋಲ್ಟ್ ಬಿಗಿದು ಕೂರಿಸಿದೆವು. ಅದೆಷ್ಟು ಹೊತ್ತಿನ ಕೆಲಸ ಅಂತ ಮಾಡಿದವರಿಗೆ ಗೊತ್ತು. 25 ಎಂಎಂ ಗ್ರೌಂಡ್ ರಾಡ್ (ಗ್ರೈಂಡ್ ಮಾಡಿ ನಿಖರವಾಗಿ ದುಂಡಗೆ ಮಾಡಿದ ರಾಡ್) ಹಿಡಿದು ಡಯಲ್ ಇಟ್ಟರೆ 0.40 ಮಿ.ಮೀ ಔಟ್! ಒಳ್ಳೆಯ ಟ್ರೂ ಚಕ್ ಅಂದರೆ 0.05, ಹೋಗಲಿ 0.08 ಇರಬೇಕಲ್ವಾ?

ಜಾ ಬಿಚ್ಚಿದೆವು. ಒಂದು, ಎರಡನೇ ಜಾ ಮೇಲೆ ಬಾಡಿ ಮೇಲಿದ್ದ ಸೀರಿಯಲ್ ನಂಬರೇ ಇತ್ತು. ಮೂರನೆಯದರ ಮೇಲೆ ಆ ನಂಬರ್ ಇಲ್ಲ. ನಂಬರ್ ಉಜ್ಜಿ ತೆಗೆದು, ಕೈಯಲ್ಲಿ ಸೊಟ್ಟಗೆ "3" ಅಂತ ಪಂಚ್ ಹೊಡೆದಿದ್ದಾನೆ! ಜಾಗಳನ್ನು ಸರಿಸೋ ಒಳಗಿನ ಸ್ಕ್ರೋಲ್ ಸುರುಳಿಯಾಗಿರುತ್ತೆ, ಹಾಗಾಗಿ ಮೂರೂ ಜಾ ಹಲ್ಲುಗಳು ಒಂದಕ್ಕಿಂತ ಒಂದು ಪಿಚ್ಚಿನ (ಸುರುಳಿಯ ಒಂದು ಸುತ್ತಿನಿಂದ ಇನ್ನೊಂದಕ್ಕಿರೋ ಅಂತರ) ಮೂರನೇ ಒಂದು ಭಾಗ ಸರಿದಿರುತ್ತವೆ. ಆ ಸೆಟ್ಟನ್ನು ಅದೇ ಬಾಡಿಯಲ್ಲಿ ಕೂರಿಸಿ ಗ್ರೈಂಡ್ ಮಾಡಿರುತ್ತಾರೆ. ಬೇರೆ ಚಕ್ಕಿನ ಜಾ ತಂದು ತುರುಕಿದರೆ ಸೆಂಟರ್ ಎಲ್ಲಿಂದ ಬರಬೇಕು?

ಇನ್ನು ಆ ವಿಡಿಯೋ. ನಮ್ಮ ಟರ್ನರ್ ಅಣ್ಣ ಒಂದು ಸಲ ನೋಡಿ, "ಡಯಲ್ ಬಾಡಿ ಮೇಲಲ್ವಾ ಇರೋದು?" ಅಂದರು. ಹೌದು! ಬಾಡಿ ಮೇಲೆ! ಬಾಡಿ ನೆಟ್ಟಗೆ ತಿರುಗಿದರೆ ನನಗೇನು, ಕೆಲಸ ಹಿಡಿಯೋದು ಜಾ ಅಲ್ವಾ? ಜಾ ಕಾಣದ ಹಾಗೆ, ರಾಡ್ ಇಲ್ಲದ ಹಾಗೆ ಅಷ್ಟು ಹತ್ತಿರದಿಂದ ತೆಗೆದಿದ್ದಾನೆ. ವರ್ಕ್‌ಶಾಪ್ ಹುಡುಗರೆಲ್ಲ ಅಲ್ಲೇ ನಿಂತಿದ್ದರು. ನಾಚಿಕೆಯಿಂದ ಸುಮ್ನೆ ಆಚೆ ಹೋದೆ.

ಫೋನ್ ಮಾಡಿದೆ. ಮೊದಲು "ನಿಮ್ಮ ಸ್ಪಿಂಡಲ್ ಬೇರಿಂಗ್ ಹೋಗಿರಬೇಕು, ನೋಡಿಸಿ ಸಾರ್" ಅಂದ. ಸ್ಪಿಂಡಲ್ ಅಂದರೆ ಚಕ್ ತಿರುಗಿಸೋ ಶಾಫ್ಟ್. ಅದರ ಟೇಪರ್ (ಒಳಗೆ ಕಿರಿದಾಗುತ್ತಾ ಹೋಗೋ ತೂತು) ಒಳಗೆ ಡಯಲ್ ಇಟ್ಟು ವಿಡಿಯೋ ಕಳಿಸಿದೆ, ಮುಳ್ಳು ನಿಂತಲ್ಲೇ ಇತ್ತು. ಆಗ "ಜಾ ಗ್ರೈಂಡ್ ಮಾಡಿಸಿ ಸಾರ್, ಸರಿಹೋಗುತ್ತೆ." ಮಾಡಿಸಿದರೆ ಆ ಒಂದು ಸೈಜಿಗೆ ಸರಿಹೋಗಬಹುದು, ಬೇರೆ ಸೈಜ್ ಹಿಡಿದಾಗ? ಅದಕ್ಕೆ ಅವನ ಉತ್ತರ ಕೇಳಿ: "ಅಷ್ಟು ಅಕ್ಯುರೆಸಿ ಬೇಕಿದ್ರೆ ಡಾಗ್ ಚಕ್ ತಗೋಬೇಕಿತ್ತು ಸಾರ್." ನಾಲ್ಕು ಜಾ ಬೇರೆಬೇರೆಯಾಗಿ ಸರಿಸಿ ಸೊನ್ನೆಗೆ ತರೋ ಡಾಗ್ ಚಕ್ ನನ್ನ ಹತ್ತಿರ ಇದೆ ಕಣಯ್ಯಾ! ಬೇಗ ಬೇಗ ರಾಡ್ ಹಿಡಿಯೋಕೆ ತಾನೇ ಟ್ರೂ ಚಕ್ ಕೇಳಿದ್ದು!

ವಾಪಸ್ ತಗೋ ಅಂದೆ. "ಬ್ಯಾಕ್ ಪ್ಲೇಟ್ ಫಿಟ್ ಮಾಡಿದ ಮೇಲೆ ವಾಪಸ್ ಇಲ್ಲ ಸಾರ್." ಫಿಟ್ ಮಾಡದೆ ಔಟ್ ನೋಡೋದು ಹೇಗೆ? ಅದಕ್ಕೆ ಉತ್ತರ ಇಲ್ಲ. ಫೋನ್ ಕಟ್.

ತಗೊಳ್ಳೋದೇ ಆದರೆ ಖುದ್ದು ಹೋಗಿ. ಮೂರೂ ಜಾ ಆಚೆ ತೆಗೆಸಿ ಬಾಡಿ ನಂಬರ್ ಜೊತೆ ತಾಳೆ ನೋಡಿ. ತೆಗೆಯಲ್ಲ ಅಂದರೆ ಎದ್ದು ಬನ್ನಿ. ಗ್ರೌಂಡ್ ರಾಡ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ಹಿಡಿದ ಮೇಲೆ ತುದಿ ಅಲ್ಲಾಡಿಸಿ. ಜಾ ಬಾಯಿ ಸವೆದು ಅಗಲ ಆಗಿದ್ದರೆ ರಾಡ್ ಆಡುತ್ತೆ. ಡಯಲ್ ರಾಡ್ ಮೇಲೇ ಇಡಿಸಿ, ಬಾಡಿ ಮೇಲಲ್ಲ. ಹೊಸದಾಗಿ ಪೇಂಟ್ ಹೊಡೆದ ಚಕ್ ನಾನಂತೂ ಇನ್ನು ಮುಟ್ಟಲ್ಲ.

ಅವನು ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಪರಿಚಯದವರೊಬ್ಬರು 250 ಎಂಎಂ ಚಕ್ ಕೇಳಿದ್ದಕ್ಕೆ ನನಗೆ ಕಳಿಸಿದ್ದ ವಿಡಿಯೋವನ್ನೇ ಅವರಿಗೂ ಕಳಿಸಿದ್ದಾನಂತೆ.